ಕೊಲ್ಲಿ ಪ್ರದೇಶದಲ್ಲೊಂದು ಸ್ವಂತ ಮನೆ: ಕೊಳ್ಳುವವರಿಗೂ ಕೊಂಡವರಿಗೂ ಕೆಲವು ಹಿತವಚನಗಳು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬುದು ನಮ್ಮ ಹಿರಿಯರು ಅನುಭವದಿಂದ ಆಡಿದ ಮಾತು. ಅವರೇನಾದರೂ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶವನ್ನು ಕಂಡಿದ್ದರೆ "ಮನೆ ಕೊಂಡು ನೋಡು" ಎಂದು ಮೂರನೆಯದೊಂದನ್ನೂ ಸೇರಿಸುತ್ತಿದ್ದರೋ ಏನೋ! ಕರ್ನಾಟಕದಿಂದ ಎರಡು ಪೆಟ್ಟಿಗೆಗಳೊಡನೆ ಬಂದಿಳಿದ ನಮ್ಮಲ್ಲಿ ಬಹುಮಂದಿಗೆ ಜೀವಮಾನದ ಅತಿ ದೊಡ್ಡ ಖರೀದಿ, ಅತಿ ದೊಡ್ಡ ಸಾಲ ಎರಡೂ ಈ ಮನೆಯೇ. ಆದ್ದರಿಂದ ಸಮ್ಮೇಳನದ ಈ ಸ್ಮರಣ ಸಂಚಿಕೆಯಲ್ಲಿ ಕಾವ್ಯ, ಕಲೆ, ನೆನಪುಗಳ ನಡುವೆ ಇಂಥದೊಂದು ವ್ಯಾವಹಾರಿಕ ಲೇಖನಕ್ಕೂ ಸ್ಥಳವಿದೆಯೆಂದು ಭಾವಿಸಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಮನೆ ಮಾರಿಸುವ ವ್ಯಾಪಾರ ನನ್ನದಲ್ಲ, ಸಾಲ ಕೊಡಿಸುವ ವ್ಯಾಪಾರವೂ ಅಲ್ಲ. ನಾನು ನಿವೃತ್ತ ಸಿವಿಲ್ ಎಂಜಿನಿಯರ್. 1990ರಲ್ಲಿ ಫ್ರೀಮಾಂಟ್ ನಗರದಲ್ಲಿ ಮನೆ ಕೊಂಡು ಅಲ್ಲಿಯೇ ನೆಲೆಸಿದ್ದೇನೆ. ಮನೆ ಕೊಳ್ಳಹೊರಟ ಕನ್ನಡದ ಕಿರಿಯರು ಕಾಗದಪತ್ರಗಳ ಕಟ್ಟನ್ನು ಹಿಡಿದು ನಮ್ಮ ಮನೆಗೆ ಬಂದು ಕೂರುವುದು ವಾಡಿಕೆಯಾಗಿಬಿಟ್ಟಿದೆ. ಅವರೊಡನೆ ಆಡಿದ ಮಾತುಗಳ ಸಾರವೇ ಈ ಲೇಖನ.

ಇಷ್ಟು ವರ್ಷಗಳಲ್ಲಿ ನನ್ನನ್ನು ಮತ್ತೆ ಮತ್ತೆ ಬೆರಗುಗೊಳಿಸಿದ ಸಂಗತಿಯೊಂದಿದೆ. ಬೆಂಗಳೂರಿನಲ್ಲಿ ಮೂವತ್ತು-ನಲವತ್ತರ ನಿವೇಶನ ಕೊಳ್ಳುವಾಗ ನಾವು ಮೂಲಪತ್ರ ಕೇಳುತ್ತೇವೆ, 30 ವರ್ಷಗಳ ಋಣಭಾರ ಪತ್ರ ತೆಗೆಸುತ್ತೇವೆ, ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಕಟ್ಟಿದ್ದಾರೆಯೇ ಎಂದು ವಕೀಲರಿಂದ ತಿಳಿದ ಮೇಲೆಯೇ ಮುಂಗಡ ಕೊಡುತ್ತೇವೆ. ಅದೇ ನಾವು ಇಲ್ಲಿ 15 ಲಕ್ಷ ಡಾಲರಿನ ಮನೆಯನ್ನು ಒಂದು ಭಾನುವಾರದ ಮಧ್ಯಾಹ್ನ ಇಪ್ಪತ್ತು ನಿಮಿಷ ನೋಡಿ, ಮಂಗಳವಾರ ಸಂಜೆಗೆ ಸಹಿ ಹಾಕುತ್ತೇವೆ. ಇಲ್ಲಿ ಹಕ್ಕುಪತ್ರದ ಚಿಂತೆ ಕಡಿಮೆಯೆಂಬುದು ನಿಜ. ಟೈಟಲ್ ವಿಮೆ ಅದನ್ನು ಬಹುಪಾಲು ನೋಡಿಕೊಳ್ಳುತ್ತದೆ. ಆದರೆ ಮನೆಯ ಸ್ಥಿತಿಗತಿ, ಅದರ ಕೆಳಗಿನ ನೆಲ, ಅದನ್ನು ಇಟ್ಟುಕೊಳ್ಳಲು ತಗಲುವ ವೆಚ್ಚ ಇವುಗಳಿಗೆ ಯಾವ ಟೈಟಲ್ ವಿಮೆಯೂ ಹೊಣೆಯಲ್ಲ. ಊರಿನಲ್ಲಿ ತೋರುವ ಎಚ್ಚರವನ್ನು ಇಲ್ಲಿಯೂ ತೋರಬೇಕೆಂಬುದೇ ನನ್ನ ಮುಖ್ಯ ಬಿನ್ನಹ.

ಓದಲೇಬೇಕಾದ ಕಟ್ಟು

ಕ್ಯಾಲಿಫೋರ್ನಿಯಾದ ಕಾನೂನು ಕೊಳ್ಳುವವರ ಪರವಾಗಿ ಒಂದು ದೊಡ್ಡ ಉಪಕಾರ ಮಾಡಿದೆ. 1987ರಿಂದೀಚೆಗೆ ಮನೆ ಮಾರುವವರು ತಮಗೆ ತಿಳಿದ ದೋಷಗಳನ್ನೆಲ್ಲ ನಿಗದಿತ ನಮೂನೆಯಲ್ಲಿ ಬರೆದು ಕೊಡಬೇಕು. ಸೋರಿದ ಮಾಡು, ಅನುಮತಿಯಿಲ್ಲದೆ ಕಟ್ಟಿದ ಕೋಣೆ, ನೆರೆಯವರೊಡನೆ ಬೇಲಿಯ ವ್ಯಾಜ್ಯ ಎಲ್ಲವೂ ಅದರಲ್ಲಿ ಬರಬೇಕು. ಮನೆಯಲ್ಲಿ ಕಳೆದ 3 ವರ್ಷಗಳೊಳಗೆ ಸಾವು ಸಂಭವಿಸಿದ್ದರೆ ಅದನ್ನೂ ತಿಳಿಸಬೇಕು. ಅದಕ್ಕಿಂತ ಹಳೆಯದನ್ನು ತಾವಾಗಿ ಹೇಳಬೇಕಿಲ್ಲ; ಆದರೆ ನೀವು ನೇರವಾಗಿ ಕೇಳಿದರೆ ಸುಳ್ಳು ಹೇಳುವಂತಿಲ್ಲ. ಗೃಹಪ್ರವೇಶ, ಶಾಂತಿಗಳಲ್ಲಿ ನಂಬಿಕೆಯುಳ್ಳವರು ಸಂಕೋಚವಿಲ್ಲದೆ ಕೇಳಬಹುದು.

ಕೊಲ್ಲಿ ಪ್ರದೇಶದ ಪದ್ಧತಿಯಂತೆ ಬಹುಮಟ್ಟಿಗೆ ಈ ಹೇಳಿಕೆಗಳು, ಮನೆಯ ತಪಾಸಣಾ ವರದಿ, ಗೆದ್ದಲಿನ ವರದಿ ಎಲ್ಲವೂ ಬೆಲೆ ಕೂಗುವ ಮುನ್ನವೇ ಕೈಗೆ ಸಿಗುತ್ತವೆ. ಕಟ್ಟು ಇನ್ನೂರು ಪುಟ ದಾಟಬಹುದು. ಒಂದು ರಾತ್ರಿ ನಿದ್ದೆಗೆಟ್ಟಾದರೂ ಓದಿ. ಗೆದ್ದಲಿನ ವರದಿಯಲ್ಲಿ ಎರಡು ವಿಭಾಗಗಳಿರುತ್ತವೆ. ಮೊದಲನೆಯದು ಈಗಾಗಲೇ ಹತ್ತಿರುವ ಗೆದ್ದಲು ಮತ್ತು ಕೊಳೆತ ಮರ. ಎರಡನೆಯದು ಮುಂದೆ ಹಾಗಾಗಲು ಎಡೆಗೊಡುವ ಸ್ಥಿತಿ. ಮೊದಲನೆಯ ವಿಭಾಗದ ದುರಸ್ತಿಯ ವೆಚ್ಚವನ್ನು ಮನೆಯ ಬೆಲೆಗೆ ಕೂಡಿಸಿಕೊಂಡೇ ಲೆಕ್ಕ ಹಾಕಿ. ಮಾರುವವರು ಮಾಡಿಸಿದ ತಪಾಸಣೆಯಲ್ಲಿ "ಇದನ್ನು ತಜ್ಞರಿಂದ ಹೆಚ್ಚಿನ ಪರೀಕ್ಷೆ ಮಾಡಿಸಿ" ಎಂಬ ಸಾಲು ಎಲ್ಲೆಲ್ಲಿ ಬರುತ್ತದೆಯೋ ಅಲ್ಲೆಲ್ಲ ಗೆರೆಯೆಳೆಯಿರಿ. ಹಣ ಹೋಗುವುದು ಆ ಸಾಲುಗಳಲ್ಲಿಯೇ.

ಶಾಲೆಯ ವಿಷಯದಲ್ಲಿಯೂ ಒಂದು ಮಾತು. ವಿಳಾಸದಲ್ಲಿರುವ ಊರಿನ ಹೆಸರನ್ನು ನಂಬಬೇಡಿ. ಸ್ಯಾನ್ ಹೋಸೆಯ ಪಶ್ಚಿಮ ಭಾಗದ ಕೆಲವು ಬೀದಿಗಳು ಕೂಪರ್ಟಿನೋ ಶಾಲಾ ಜಿಲ್ಲೆಗೆ ಸೇರಿವೆ. ಊರೊಂದು, ಶಾಲಾ ಜಿಲ್ಲೆ ಇನ್ನೊಂದು ಆಗಿರುವ ಉದಾಹರಣೆಗಳು ಹೇರಳ. ಮನೆಯ ಸಂಖ್ಯೆ ಹೇಳಿ ಶಾಲಾ ಜಿಲ್ಲೆಯ ಕಚೇರಿಯಲ್ಲಿಯೇ ವಿಚಾರಿಸಿ. ಗಡಿಗಳು ಕಾಲಕಾಲಕ್ಕೆ ಬದಲಾಗುತ್ತವೆಂಬುದೂ ನೆನಪಿರಲಿ.

ನೆಲ ಯಾವ ಕಡೆಗೆ ಸರಿಯುತ್ತಿದೆ?

ನಮ್ಮವರು ಮನೆ ನೋಡಲು ಹೋದಾಗ ಮೊದಲು ಕೇಳುವುದು ಬಾಗಿಲು ಯಾವ ದಿಕ್ಕಿಗೆ ಎಂದು. ಕೇಳಲಿ, ನನ್ನ ಅಭ್ಯಂತರವಿಲ್ಲ. ಆದರೆ ಅದಕ್ಕೂ ಮುನ್ನ ನೆಲ ಯಾವ ದಿಕ್ಕಿಗೆ ಸರಿಯುತ್ತಿದೆಯೆಂದು ಕೇಳಬೇಕು. ಇದು ಹಾಸ್ಯವಲ್ಲ. ಹೇವರ್ಡ್ ಫಾಲ್ಟ್ ಎಂಬ ಭೂಮಿಯ ಬಿರುಕು ಫ್ರೀಮಾಂಟ್, ಹೇವರ್ಡ್, ಓಕ್ಲೆಂಡ್, ಬರ್ಕ್ಲಿ ನಗರಗಳ ನಡುವೆಯೇ ಹಾದುಹೋಗುತ್ತದೆ. ಅದರ ಎರಡು ಬದಿಗಳು ವರ್ಷಕ್ಕೆ ಕೆಲವು ಮಿಲಿಮೀಟರಿನಂತೆ ಸದ್ದಿಲ್ಲದೆ ಜಾರುತ್ತಲೇ ಇವೆ. ಕೆಲವು ಬೀದಿಗಳಲ್ಲಿ ಕಾಲುದಾರಿಯ ಅಂಚುಗಲ್ಲು ಸೊಟ್ಟಗಾಗಿರುವುದನ್ನು ಬರಿಗಣ್ಣಿನಿಂದಲೇ ಕಾಣಬಹುದು. 1868ರ ಅಕ್ಟೋಬರ್ 21ರಂದು ಈ ಬಿರುಕಿನಲ್ಲಾದ ಭೂಕಂಪದಲ್ಲಿ ಮಿಷನ್ ಸ್ಯಾನ್ ಹೋಸೆಯ ಹಳೆಯ ಇಗರ್ಜಿ ನೆಲಸಮವಾಯಿತು.

1989ರ ಅಕ್ಟೋಬರ್ 17ರ ಸಂಜೆಯ ಲೋಮಾ ಪ್ರಿಯೆಟಾ ಭೂಕಂಪದಲ್ಲಿ 63 ಮಂದಿ ಪ್ರಾಣ ಕಳೆದುಕೊಂಡರು. ಆಗ ನಾವು ಸ್ಯಾನ್ ಹೋಸೆಯ ಬಾಡಿಗೆ ಮನೆಯಲ್ಲಿದ್ದೆವು. ಮರುದಿನ ಲಾಸ್ ಗ್ಯಾಟೋಸ್‌ನಲ್ಲಿ ಉರುಳಿಬಿದ್ದ ಇಟ್ಟಿಗೆಯ ಹೊಗೆಗೂಡುಗಳನ್ನೂ ತಳಪಾಯದಿಂದ ಜಾರಿ ವಾಲಿದ ಹಳೆಯ ಮರದ ಮನೆಗಳನ್ನೂ ಕಣ್ಣಾರೆ ಕಂಡೆ. ಜಾರಿದ ಮನೆಗಳಲ್ಲಿ ಹಲವಕ್ಕೆ ತಳಪಾಯದೊಡನೆ ಬಿಗಿಯಾದ ಬೋಲ್ಟಿನ ಬಂಧನವೇ ಇರಲಿಲ್ಲ. 1980ಕ್ಕೂ ಹಿಂದೆ ಕಟ್ಟಿದ, ನೆಲಗಟ್ಟಿನ ಕೆಳಗೆ ತೆವಳಿ ಹೋಗುವಷ್ಟು ಜಾಗವಿರುವ ಮನೆಯನ್ನು ಕೊಳ್ಳುವವರು ಈ ಬೋಲ್ಟುಗಳಿವೆಯೇ, ಕೆಳಗಿನ ಗಿಡ್ಡ ಗೋಡೆಗಳಿಗೆ ಪ್ಲೈವುಡ್ ಹೊದಿಸಿ ಬಿಗಿಮಾಡಲಾಗಿದೆಯೇ ಎಂದು ಪರೀಕ್ಷಿಸಲೇಬೇಕು. ಈ ಕೆಲಸ ಮಾಡಿಸುವವರಿಗಾಗಿ 'ಅರ್ತ್‌ಕ್ವೇಕ್ ಬ್ರೇಸ್ ಪ್ಲಸ್ ಬೋಲ್ಟ್' ಎಂಬ ಸಹಾಯಧನ ಯೋಜನೆಯಿದೆ. ಅರ್ಜಿ ಕರೆದ ವರ್ಷದಲ್ಲಿ, ಆಯ್ದ ಪ್ರದೇಶಗಳಲ್ಲಿ, ಅರ್ಹ ಮನೆಗಳಿಗೆ ಅದರಿಂದ 3,000 ಡಾಲರುಗಳವರೆಗೆ ದೊರೆತಿದೆ.

ಮಾರುವವರು ಕೊಡಬೇಕಾದ 'ನೈಸರ್ಗಿಕ ಅಪಾಯಗಳ ಹೇಳಿಕೆ'ಯಲ್ಲಿ ಆರು ಪ್ರಶ್ನೆಗಳಿಗೆ ಉತ್ತರವಿರುತ್ತದೆ: ನೆರೆ, ಅಣೆಕಟ್ಟು ಒಡೆದರೆ ಮುಳುಗಡೆ, ಎರಡು ಬಗೆಯ ಕಾಳ್ಗಿಚ್ಚಿನ ವಲಯಗಳು, ಭೂಬಿರುಕಿನ ವಲಯ, ಹಾಗೂ ನೆಲ ಕುಸಿಯುವ ಅಥವಾ ಕಂಪನದಲ್ಲಿ ಕೆಸರಿನಂತಾಗುವ ವಲಯ. ಕೊಲ್ಲಿಯ ಅಂಚಿನಲ್ಲಿ ಮಣ್ಣು ತುಂಬಿ ಮಾಡಿದ ನೆಲದಲ್ಲಿ ಕೊನೆಯದು ಮುಖ್ಯ; ಬೆಟ್ಟದ ಮೇಲಿನ ಸೊಗಸಾದ ಮನೆಗಳಿಗೆ ಕಾಳ್ಗಿಚ್ಚು ಮುಖ್ಯ. "ಹೌದು" ಎಂಬ ಉತ್ತರ ಬಂದಾಕ್ಷಣ ಮನೆಯನ್ನು ಬಿಡಬೇಕೆಂದಲ್ಲ. ಹಾಗೆ ಬಿಡುತ್ತ ಹೋದರೆ ಇಲ್ಲಿ ಯಾರಿಗೂ ಮನೆಯೇ ಸಿಗದು. ಆದರೆ ಅದಕ್ಕೆ ತಕ್ಕ ತಜ್ಞರನ್ನು ಕರೆಸಿ, ತಕ್ಕ ವಿಮೆಯ ಬೆಲೆಯನ್ನು ಕೇಳಿ, ನಂತರ ನಿರ್ಧರಿಸಿ.

ಮನೆಯ ವಯಸ್ಸಿಗೆ ತಕ್ಕ ಪರೀಕ್ಷೆ

ಸನಿವೇಲ್, ಪಾಲೋ ಆಲ್ಟೋ, ಕೂಪರ್ಟಿನೋ ಊರುಗಳಲ್ಲಿ ಜೋಸೆಫ್ ಐಕ್ಲರ್ ಕಟ್ಟಿಸಿದ ಮನೆಗಳನ್ನು ನೀವು ಕಂಡಿರಬಹುದು. ದೊಡ್ಡ ಗಾಜಿನ ಗೋಡೆಗಳು, ನಡುವೆ ಅಂಗಳ. ನಮ್ಮ ತೊಟ್ಟಿಮನೆಯನ್ನು ನೆನಪಿಸುವುದರಿಂದಲೋ ಏನೋ ನಮ್ಮವರಿಗೆ ಇವು ಬಹು ಪ್ರಿಯ. ಇವುಗಳ ಬಿಸಿಯೂಡುವ ಕೊಳವೆಗಳು ನೆಲದ ಕಾಂಕ್ರೀಟಿನೊಳಗೇ ಹುದುಗಿವೆ. ಅವು ಸೋರತೊಡಗಿದರೆ ದುರಸ್ತಿ ಸುಲಭವಲ್ಲ. ಮಾಡು ಹೆಚ್ಚು ಕಡಿಮೆ ಸಮತಟ್ಟು. ಅದರ ಆಯುಸ್ಸನ್ನು ವಿಚಾರಿಸದೆ ಕೊಳ್ಳಬಾರದು.

1950-60ರ ದಶಕಗಳ ಸಾಮಾನ್ಯ ಮನೆಗಳಲ್ಲಿ ತುಕ್ಕು ಹಿಡಿದ ಕಬ್ಬಿಣದ ನೀರಿನ ಕೊಳವೆ, ಮರದ ಬೇರು ಹೊಕ್ಕ ಮಣ್ಣಿನ ಒಳಚರಂಡಿ ಕೊಳವೆ, ಇಂದಿನ ಬಳಕೆಗೆ ಸಾಲದ ವಿದ್ಯುತ್ ಫಲಕ ಈ ಮೂರನ್ನೂ ಬಿಡದೆ ನೋಡಿಸಿ. ಒಳಚರಂಡಿಯೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆಗೆ ಕೆಲವು ನೂರು ಡಾಲರು; ಕೊಳವೆ ಬದಲಿಸಲು ಸಹಸ್ರಾರು. ಅಲಮೇಡಾ ಕೌಂಟಿಯ ಓಕ್ಲೆಂಡಿನಂಥ ಕೆಲವು ಊರುಗಳಲ್ಲಂತೂ ಮನೆ ಕೈಬದಲಾಗುವಾಗ ಒಳಚರಂಡಿ ಕೊಳವೆಗೆ ಪ್ರಮಾಣಪತ್ರವೇ ಬೇಕು.

ಬೆಲೆ ಬೇರೆ, ವೆಚ್ಚ ಬೇರೆ

10 ಲಕ್ಷ ಡಾಲರುಗಳ 30 ವರ್ಷದ ಸಾಲಕ್ಕೆ ಶೇ. 3ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 4,216 ಡಾಲರು, ಶೇ. 6.5 ಆದರೆ ಸುಮಾರು 6,321 ಡಾಲರು. ಮನೆ ಅದೇ, ಸಾಲವೂ ಅದೇ, ತಿಂಗಳಿಗೆ 2,100 ಡಾಲರುಗಳ ವ್ಯತ್ಯಾಸ. 2021ರಲ್ಲಿ ಶೇ. 3ಕ್ಕೂ ಕೆಳಗಿದ್ದ ಬಡ್ಡಿ 2023ರ ಅಕ್ಟೋಬರಿನಲ್ಲಿ ಶೇ. 8ರ ಸಮೀಪಕ್ಕೆ ಹೋದುದನ್ನು ನಾವೆಲ್ಲ ಕಂಡಿದ್ದೇವೆ. "ಈಗ ಕೊಳ್ಳಿ, ಬಡ್ಡಿ ಇಳಿದಾಗ ಸಾಲ ಬದಲಿಸಿ" ಎಂಬ ಸಲಹೆಯನ್ನು ಭರವಸೆಯೆಂದು ತಿಳಿಯಬಾರದು. ಇಂದಿನ ಕಂತನ್ನು ಇಂದಿನ ಸಂಬಳದಲ್ಲಿ ಕಟ್ಟಲಾಗದಿದ್ದರೆ ಆ ಮನೆ ನಿಮ್ಮ ಹಾಸಿಗೆಗಿಂತ ಉದ್ದವೆಂದೇ ಅರ್ಥ.

ಇನ್ನು ಆಸ್ತಿ ತೆರಿಗೆ. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13ರ ಪ್ರಕಾರ ಮೂಲ ತೆರಿಗೆ ಖರೀದಿಯ ಬೆಲೆಯ ಶೇ. 1, ತೆರಿಗೆಗಾಗಿ ಲೆಕ್ಕ ಹಿಡಿಯುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಇದರ ಮೇಲೆ ಮತದಾರರು ಒಪ್ಪಿದ ಸಾಲಪತ್ರಗಳ ಬಾಬ್ತು ಸೇರಿ ಹಲವೆಡೆ ಶೇ. 1.2ರ ಆಸುಪಾಸಿಗೆ ಬರುತ್ತದೆ. ಹಾಗಾಗಿ 1995ರಲ್ಲಿ 3 ಲಕ್ಷಕ್ಕೆ ಕೊಂಡವರ ತೆರಿಗೆ ಬೆಲೆ ಮೂವತ್ತು ವರ್ಷಗಳ ನಂತರವೂ ಐದೂವರೆ ಲಕ್ಷದೊಳಗೇ ಇರುತ್ತದೆ, ತೆರಿಗೆ ವರ್ಷಕ್ಕೆ ಸುಮಾರು 6,500 ಡಾಲರು. ಪಕ್ಕದ ಅಂಥದೇ ಮನೆಯನ್ನು 18 ಲಕ್ಷಕ್ಕೆ ಕೊಂಡವರು 21,600 ಡಾಲರು ಕಟ್ಟಬೇಕು. ಆದ್ದರಿಂದ ಮಾರುವವರ ತೆರಿಗೆ ಚೀಟಿಯನ್ನು ನೋಡಿ ಸಮಾಧಾನಪಡಬೇಡಿ. ನಿಮ್ಮದನ್ನು ನೀವೇ ಲೆಕ್ಕ ಹಾಕಿ. ಕೊಂಡ ಕೆಲವು ತಿಂಗಳಿಗೆ 'ಸಪ್ಲಿಮೆಂಟಲ್' ತೆರಿಗೆಯೆಂಬ ಪ್ರತ್ಯೇಕ ಚೀಟಿಯೂ ಅಂಚೆಯಲ್ಲಿ ಬರುತ್ತದೆ. ಸಾಲ ಕೊಟ್ಟವರು ತೆರಿಗೆ ಕಟ್ಟುವ ಏರ್ಪಾಡಿದ್ದರೂ ಇದು ಸಾಮಾನ್ಯವಾಗಿ ನೇರ ನಿಮಗೇ ಬರುವುದು. ವಾರ್ಷಿಕ ತೆರಿಗೆಯ ಎರಡು ಕಂತುಗಳಿಗೆ ಡಿಸೆಂಬರ್ 10 ಮತ್ತು ಏಪ್ರಿಲ್ 10 ಕೊನೆಯ ದಿನ, ತಪ್ಪಿದರೆ ಶೇ. 10ರ ದಂಡ.

ಹೊಸ ಬಡಾವಣೆಗಳಲ್ಲಿ 1982ರ ಕಾನೂನಿನಂತೆ 'ಮೆಲೋ-ರೂಸ್' ಎಂಬ ವಿಶೇಷ ತೆರಿಗೆಯೂ ಇರಬಹುದು. ರಸ್ತೆ, ಶಾಲೆ, ಉದ್ಯಾನಗಳಿಗೆಂದು ಎತ್ತಿದ ಸಾಲವನ್ನು ಅಲ್ಲಿನ ಮನೆಯವರೇ ತೀರಿಸುವ ಕ್ರಮವಿದು. ಟೌನ್‌ಹೌಸ್, ಕಾಂಡೋ ಕೊಳ್ಳುವವರು ನಿವಾಸಿಗಳ ಸಂಘದ ತಿಂಗಳ ವಂತಿಗೆಯೊಂದನ್ನೇ ಕೇಳಿದರೆ ಸಾಲದು. ಸಂಘದ ಮೀಸಲು ನಿಧಿಯಲ್ಲಿ ಎಷ್ಟಿದೆ, ಮಾಡು ಬಾಲ್ಕನಿಗಳ ದುರಸ್ತಿ ಯಾವಾಗ ಬರಲಿದೆ, ವಿಶೇಷ ವಂತಿಗೆಯ ಪ್ರಸ್ತಾಪವಿದೆಯೇ ಎಂಬುದು ಸಭೆಗಳ ನಡಾವಳಿಯಲ್ಲಿ ಸಿಗುತ್ತದೆ.

ವಿಮೆಯನ್ನು ಕೊನೆಯ ವಾರಕ್ಕೆ ಬಿಡಬೇಡಿ. ಈಚಿನ ವರ್ಷಗಳಲ್ಲಿ ಕಾಳ್ಗಿಚ್ಚಿನ ಭಯದಿಂದ ಹಲವು ವಿಮಾ ಕಂಪನಿಗಳು ಹೊಸ ಮನೆಗಳನ್ನು ಒಪ್ಪಿಕೊಳ್ಳುವುದನ್ನು ಕಡಿತಗೊಳಿಸಿವೆ. ಯಾರೂ ಕೊಡದವರಿಗೆ 'ಫೇರ್ ಪ್ಲಾನ್' ಎಂಬ ಕಟ್ಟಕಡೆಯ ಆಸರೆಯಿದೆ. ಆದರೆ ಅದರ ಮೂಲ ವಿಮೆ ಬೆಂಕಿ, ಹೊಗೆಯಂಥ ಕೆಲವಕ್ಕೆ ಮಾತ್ರ. ಸಾಮಾನ್ಯ ಮನೆ ವಿಮೆಯಲ್ಲಿ ಭೂಕಂಪವೂ ಸೇರಿಲ್ಲ, ನೆರೆಯೂ ಸೇರಿಲ್ಲ. ಭೂಕಂಪದ ವಿಮೆಯಲ್ಲಿ ವಿಮೆಯ ಮೊತ್ತದ ಶೇ. 5ರಿಂದ 25ರಷ್ಟು ಮೊದಲ ನಷ್ಟವನ್ನು, ನೀವು ಆರಿಸಿದ ಪ್ರಮಾಣಕ್ಕೆ ತಕ್ಕಂತೆ, ನೀವೇ ಹೊರಬೇಕು.

ಷರತ್ತುಗಳನ್ನು ಕೈಬಿಡುವ ಮುನ್ನ

ಇಲ್ಲಿನ ಪೈಪೋಟಿಯಲ್ಲಿ ಕೊಳ್ಳುವವರು ತಮಗಿರುವ ರಕ್ಷಣೆಗಳನ್ನೇ ಬಿಟ್ಟುಕೊಡುವುದು ರೂಢಿಯಾಗಿದೆ. ತಪಾಸಣೆ ತೃಪ್ತಿಕರವಾಗಬೇಕು, ಸಾಲ ಮಂಜೂರಾಗಬೇಕು, ಬ್ಯಾಂಕಿನ ಮೌಲ್ಯಮಾಪನ ಸರಿಹೊಂದಬೇಕು ಎಂಬ ಮೂರು ಷರತ್ತುಗಳಲ್ಲಿ ಒಂದೊಂದಕ್ಕೂ ಅರ್ಥವಿದೆ. ಅವನ್ನು ಬಿಟ್ಟ ಮೇಲೆ ಹಿಂದೆಗೆದರೆ ಮುಂಗಡ ಠೇವಣಿಗೆ ಸಂಚಕಾರ. 15 ಲಕ್ಷದ ಮನೆಗೆ ರೂಢಿಯ ಶೇ. 3ರಂತೆ ಅದು 45,000 ಡಾಲರು. ನೀವು 15 ಲಕ್ಷ ಕೂಗಿ, ಬ್ಯಾಂಕು ಮನೆಗೆ 14 ಲಕ್ಷವೆಂದು ಬೆಲೆ ಕಟ್ಟಿದರೆ ನಡುವಿನ ಕೊರತೆ ನಿಮ್ಮ ಕೈಯಿಂದಲೇ ಬರಬೇಕು.

2021ರಲ್ಲಿ ಹಾಸನದ ಕಡೆಯ ತರುಣ ದಂಪತಿ ಬಂದಿದ್ದರು. ಇಬ್ಬರದೂ ಒಂದೇ ಎಚ್-1ಬಿ ವೀಸಾದ ಆಸರೆ, ದುಡಿಯುತ್ತಿದ್ದವನು ಗಂಡನೊಬ್ಬನೇ. ಬೆಟ್ಟದ ಇಳಿಜಾರಿನ ಮನೆ, ಮೂರು ಷರತ್ತುಗಳನ್ನೂ ಬಿಟ್ಟು ಕೂಗಬೇಕೆಂದು ಅವಸರ. "ಅಂಕಲ್, ಎಲ್ಲರೂ ಹಾಗೇ ಮಾಡ್ತಿದಾರೆ. ನಾವೊಬ್ರು ಷರತ್ತು ಹಾಕಿದ್ರೆ ಮನೆ ಕೈತಪ್ಪಿ ಹೋಗುತ್ತೆ" ಎಂದು ಆ ಹುಡುಗ ಹೇಳಿದ. ಕಟ್ಟನ್ನು ಬಿಚ್ಚಿ ಓದಿದೆವು. ನೂರಾ ಹನ್ನೆರಡನೆಯ ಪುಟದಲ್ಲಿ ಹಿಂಬದಿಯ ತಳಪಾಯ ಕುಸಿದಿದೆ, ಮಣ್ಣಿನ ತಜ್ಞರ ಪರೀಕ್ಷೆ ಅಗತ್ಯ ಎಂದಿತ್ತು. ಮುಂಗಡ ಕೊಟ್ಟ ಮೇಲೆ ಅವರ ಬ್ಯಾಂಕಿನಲ್ಲಿ ಉಳಿಯುತ್ತಿದ್ದುದು ಎರಡು ತಿಂಗಳ ಖರ್ಚು. ಆ ಹುಡುಗಿ ಬಹಳ ಹೊತ್ತು ಮಾತಾಡದೆ ಕುಳಿತಿದ್ದು, "ಬೇಡ ಬಿಡಿ" ಎಂದಳು. ನಾಲ್ಕು ತಿಂಗಳ ನಂತರ ನೂವರ್ಕ್ ಊರಿನಲ್ಲಿ ಚಿಕ್ಕ ಟೌನ್‌ಹೌಸ್ ಕೊಂಡರು. ಎಂಟು ತಿಂಗಳ ಖರ್ಚನ್ನು ಕೈಯಲ್ಲಿರಿಸಿಕೊಂಡರು. 2023ರ ಆರಂಭದಲ್ಲಿ ಅವನ ಕೆಲಸ ಹೋಯಿತು. ಎಚ್-1ಬಿಯವರಿಗೆ ಕೆಲಸ ಹೋದ ಮೇಲೆ ಇಲ್ಲಿರಲು ಗರಿಷ್ಠ 60 ದಿನಗಳ ಗಡುವು. ಐವತ್ತನೆಯ ದಿನದ ಹೊತ್ತಿಗೆ ಕಡಿಮೆ ಸಂಬಳದ ಬೇರೊಂದು ಕೆಲಸ ಸಿಕ್ಕಿತು; ಕಂತು ಒಂದೂ ತಪ್ಪಲಿಲ್ಲ. ಅವರು ಬಿಟ್ಟ ಬೆಟ್ಟದ ಮನೆಯ ಬೆಲೆ ಅನಂತರ ಇನ್ನೂ ಏರಿತೆಂಬುದನ್ನೂ ಮುಚ್ಚಿಡಲಾರೆ. ಲಾಭದ ಲೆಕ್ಕದಲ್ಲಿ ಅವರು ಸೋತಿರಬಹುದು. ಆದರೆ ಆ ಐವತ್ತು ದಿನಗಳನ್ನು ಬೆಟ್ಟದ ಮನೆಯ ಕಂತಿನೊಡನೆ ಅವರು ದಾಟುತ್ತಿದ್ದರೆಂದು ನನಗೆ ಅನಿಸುವುದಿಲ್ಲ.

ವೀಸಾದ ಮೇಲಿರುವವರು ಮನೆ ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಸಾಮಾನ್ಯ ಬ್ಯಾಂಕ್ ಸಾಲ ಅವರಿಗೂ ದೊರೆಯುತ್ತದೆ. ಸರ್ಕಾರಿ ಖಾತರಿಯ ಎಫ್.ಎಚ್.ಎ. ಸಾಲ ಮಾತ್ರ 2025ರ ಮೇ ತಿಂಗಳಿಂದ ಅವರಿಗೆ ನಿಂತಿದೆ. ಅಂಥವರು ಕನಿಷ್ಠ ಆರು ತಿಂಗಳ ಖರ್ಚನ್ನು ಮುಟ್ಟದೆ ಇಟ್ಟುಕೊಂಡೇ ಮುಂದಡಿಯಿಡಬೇಕು.

ದಲ್ಲಾಳಿ, ಹಣ, ರವಾನೆ

2024ರ ಆಗಸ್ಟ್ 17ರಿಂದ ದಲ್ಲಾಳಿಯೊಡನೆ ಮನೆ ನೋಡಲು ಹೋಗುವ ಮುನ್ನವೇ ಲಿಖಿತ ಒಪ್ಪಂದ ಮಾಡಿಕೊಳ್ಳುವ ಪದ್ಧತಿ ಬಂದಿದೆ. ಅವರ ಕಮಿಷನ್ ಎಷ್ಟು, ಮಾರುವವರು ಕೊಡದಿದ್ದರೆ ಯಾರು ಕೊಡಬೇಕು ಎಂಬುದು ಅದರಲ್ಲಿರುತ್ತದೆ. ಈ ದರವನ್ನು ಕಾನೂನು ನಿಗದಿಪಡಿಸಿಲ್ಲ, ಮಾತಾಡಿ ಇಳಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಇಂಥ ಒಪ್ಪಂದದ ಅವಧಿ 3 ತಿಂಗಳು ಮೀರುವಂತಿಲ್ಲ.

ಊರಿನಿಂದ ಹಣ ತರಿಸುವವರಿಗೆ: ಭಾರತದಲ್ಲಿರುವ ತಂದೆತಾಯಿಗಳು ತಲಾ ವರ್ಷಕ್ಕೆ 2,50,000 ಡಾಲರುಗಳವರೆಗೆ ಕಳುಹಿಸಬಹುದು. ಅವರಿಂದ ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಉಡುಗೊರೆ ಪಡೆದರೆ ಇಲ್ಲಿ ತೆರಿಗೆಯಿಲ್ಲವಾದರೂ 3520 ಎಂಬ ನಮೂನೆಯಲ್ಲಿ ವರದಿ ಮಾಡಲೇಬೇಕು. ನಿಮ್ಮದೇ ನಿವೇಶನವನ್ನು ಮಾರಿ ತರಿಸುವುದಾದರೆ ಆ ಲಾಭವನ್ನು ಇಲ್ಲಿಯ ತೆರಿಗೆ ಲೆಕ್ಕದಲ್ಲಿಯೂ ತೋರಿಸಬೇಕು. ಕೊನೆಗೆ ಹಣವನ್ನು ಎಸ್ಕ್ರೋ ಖಾತೆಗೆ ಕಳುಹಿಸುವಾಗ, ಇ-ಮೇಲಿನಲ್ಲಿ ಬಂದ ಖಾತೆ ಸಂಖ್ಯೆಯನ್ನು ನಂಬದೆ, ನಿಮಗೆ ಮೊದಲೇ ಗೊತ್ತಿರುವ ದೂರವಾಣಿಗೆ ಕರೆಮಾಡಿ ಖಚಿತಪಡಿಸಿಕೊಳ್ಳಿ. ವಂಚಕರ ಪಾಲಾದ ಹಣ ಮರಳುವುದು ಅಪರೂಪ.

ಈಗಾಗಲೇ ಮನೆಯುಳ್ಳವರಿಗೆ

ಮೊದಲನೆಯದಾಗಿ, ಮನೆಗೆ ಮಾಡಿಸಿದ ಸುಧಾರಣೆಗಳ ರಸೀದಿಗಳನ್ನು ಜೋಪಾನವಾಗಿಡಿ. ಮಾರಿದಾಗ ಬಂದ ಲಾಭದಲ್ಲಿ ದಂಪತಿಗಳಿಗೆ 5 ಲಕ್ಷ ಡಾಲರು, ಒಬ್ಬರಿಗಾದರೆ ಎರಡೂವರೆ ಲಕ್ಷ ಡಾಲರು ಕೇಂದ್ರ ಆದಾಯ ತೆರಿಗೆಯಿಂದ ಮುಕ್ತ. 1997ರಲ್ಲಿ ಗೊತ್ತುಮಾಡಿದ ಈ ಮಿತಿ ಬೆಳೆದೇ ಇಲ್ಲ. ನಮ್ಮ ಮನೆಗಳ ಬೆಲೆ ಬೆಳೆದಿದೆ. ಹೊಸ ಮಾಡು, ಹೊಸ ಅಡುಗೆಮನೆ, ಸೇರಿಸಿದ ಕೋಣೆ ಇವುಗಳ ವೆಚ್ಚವನ್ನು ಖರೀದಿಯ ಬೆಲೆಗೆ ಕೂಡಿಸಲು ಅವಕಾಶವುಂಟು, ರಸೀದಿಯಿದ್ದರೆ.

ಎರಡನೆಯದಾಗಿ, ಬೆಲೆ ಇಳಿದ ಕಾಲದಲ್ಲಿ ಕೌಂಟಿಯ ಅಸೆಸರ್ ಕಚೇರಿಗೆ ಅರ್ಜಿ ಕೊಟ್ಟರೆ ತೆರಿಗೆ ತಾತ್ಕಾಲಿಕವಾಗಿ ಇಳಿಯುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಬೆಲೆ ಕುಸಿದಾಗ ನಾವು ಈ ಸೌಲಭ್ಯವನ್ನು ಪಡೆದಿದ್ದೇವೆ.

ಮೂರನೆಯದು ಹಿರಿಯರಿಗೆ. 55 ವರ್ಷ ತುಂಬಿದವರು ಮನೆ ಮಾರಿ ಎರಡು ವರ್ಷಗಳೊಳಗೆ ಈ ರಾಜ್ಯದಲ್ಲಿ ಎಲ್ಲಿಯಾದರೂ ಇನ್ನೊಂದು ಮನೆ ಕೊಂಡರೆ ಹಳೆಯ ತೆರಿಗೆ ಬೆಲೆಯನ್ನು ಕೊಂಡೊಯ್ಯಬಹುದು. ಹೊಸದು ಹೆಚ್ಚು ಬೆಲೆಯದಾದರೆ ವ್ಯತ್ಯಾಸ ಮಾತ್ರ ಸೇರುತ್ತದೆ. 2020ರಲ್ಲಿ ಒಪ್ಪಿತವಾದ ಪ್ರೊಪೊಸಿಷನ್ 19 ಈ ಅನುಕೂಲವನ್ನು ಮೂರು ಬಾರಿಗೆ ವಿಸ್ತರಿಸಿತು. ಮೆಟ್ಟಿಲಿಲ್ಲದ ಚಿಕ್ಕ ಮನೆಗೆ ಹೋಗಬಯಸುವವರಿಗೆ ಇದು ವರ. ಆದರೆ ಅದೇ ಕಾನೂನು ಮಕ್ಕಳ ಪಾಲಿಗೆ ಬಿಗಿಯಾಯಿತು: 2021ರ ಫೆಬ್ರವರಿ 16ರಿಂದ, ತಂದೆತಾಯಿಗಳ ಮನೆಯಲ್ಲಿ ಮಕ್ಕಳು ತಾವೇ ವಾಸವಾಗಿದ್ದರೆ ಮಾತ್ರ ಹಳೆಯ ತೆರಿಗೆಯ ಲಾಭ, ಅದಕ್ಕೂ ಮಿತಿಯುಂಟು.

ನಾಲ್ಕನೆಯದು, ನಾವು ಆಡಲು ಹಿಂಜರಿಯುವ ಮಾತು. ಉಯಿಲು ಬರೆದಿಟ್ಟರೆ ಸಾಕೆಂದು ಹಲವರ ನಂಬಿಕೆ. ಉಯಿಲಿದ್ದರೂ ದೊಡ್ಡ ಆಸ್ತಿ ಸಾಮಾನ್ಯವಾಗಿ ನ್ಯಾಯಾಲಯದ ಪ್ರೊಬೇಟ್ ದಾರಿಯಲ್ಲಿಯೇ ಹೋಗಬೇಕು. 10 ಲಕ್ಷ ಡಾಲರುಗಳ ಆಸ್ತಿ ಆ ದಾರಿ ಹಿಡಿದರೆ ವಕೀಲರಿಗೆ ಕಾನೂನು ಗೊತ್ತುಮಾಡಿದ ಶುಲ್ಕ 23,000 ಡಾಲರು, ಆಸ್ತಿ ನಿರ್ವಾಹಕರಿಗೂ ಅಷ್ಟೇ. ಮನೆಯ ಮೇಲಿನ ಸಾಲವನ್ನು ಕಳೆಯದೆ ಪೂರ್ಣ ಬೆಲೆಯ ಮೇಲೆ ಈ ಲೆಕ್ಕ. 'ಲಿವಿಂಗ್ ಟ್ರಸ್ಟ್' ಮಾಡಿ ಮನೆಯನ್ನು ಅದರ ಹೆಸರಿಗೆ ನೋಂದಾಯಿಸಿದರೆ ಇದು ತಪ್ಪುತ್ತದೆ. ನೋಂದಾಯಿಸದೆ ಬರೇ ಟ್ರಸ್ಟಿನ ಕಾಗದವನ್ನು ಬೀರುವಿನಲ್ಲಿಟ್ಟರೆ ಪ್ರಯೋಜನವಿಲ್ಲ.

ಕಡೆಯದಾಗಿ, ಊರಿಗೆ ಮರಳುವ ಆಲೋಚನೆಯುಳ್ಳವರಿಗೆ. ಮೇಲೆ ಹೇಳಿದ 5 ಲಕ್ಷದ ವಿನಾಯಿತಿಗೆ ಮಾರಾಟಕ್ಕೆ ಹಿಂದಿನ 5 ವರ್ಷಗಳಲ್ಲಿ 2 ವರ್ಷವಾದರೂ ಆ ಮನೆಯಲ್ಲಿ ವಾಸವಿದ್ದಿರಬೇಕು. ಮನೆಯನ್ನು ಬಾಡಿಗೆಗೆ ಕೊಟ್ಟು ಮೈಸೂರಿಗೆ ಹೋದವರು ಹೊರಟ 3 ವರ್ಷದೊಳಗೆ ಮಾರದಿದ್ದರೆ ವಿನಾಯಿತಿ ಕೈಬಿಡುತ್ತದೆ. ಹಾಗೆ ಹೋಗಿ ತೆರಿಗೆಯ ದೃಷ್ಟಿಯಲ್ಲಿ ವಿದೇಶೀಯರಾದವರು ಮಾರುವಾಗ, ಲಾಭದ ಮೇಲಲ್ಲ, ಮಾರಾಟದ ಬೆಲೆಯ ಮೇಲೆಯೇ ಸಾಮಾನ್ಯವಾಗಿ ಶೇ. 15ರಷ್ಟನ್ನು ಕೊಳ್ಳುವವರು ಹಿಡಿದಿಟ್ಟು ಸರ್ಕಾರಕ್ಕೆ ಕಟ್ಟುತ್ತಾರೆ. ಹೆಚ್ಚಾದದ್ದು ತೆರಿಗೆ ಲೆಕ್ಕ ಸಲ್ಲಿಸಿದ ಮೇಲಷ್ಟೇ ಮರಳುವುದು. ಹೊರಡುವ ವರ್ಷಕ್ಕೂ ಮುನ್ನವೇ ಲೆಕ್ಕಪರಿಶೋಧಕರನ್ನು ಕಾಣುವುದು ಜಾಣತನ.

ಇಲ್ಲಿ ಹೇಳಿದ್ದು ಸ್ಥೂಲ ದಾರಿ ಮಾತ್ರ. ಪ್ರತಿಯೊಬ್ಬರ ಸ್ಥಿತಿಗೂ ತಕ್ಕ ವಕೀಲರು, ಲೆಕ್ಕಪರಿಶೋಧಕರು, ತಪಾಸಕರು ಬೇಕೇ ಬೇಕು. ಅವರ ಶುಲ್ಕ ಮನೆಯ ಬೆಲೆಯ ಎದುರು ಅತ್ಯಲ್ಪ. ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ಮನೆ ಹುಡುಕುತ್ತಿರುವವರು ಹಲವರಿರಬಹುದು. ಸಹಿ ಹಾಕುವ ಮುನ್ನ ಆ ಕಟ್ಟನ್ನು ಒಮ್ಮೆ ಪೂರ್ತಿ ಓದಿ. ಓದಿ ತಿಳಿಯದ್ದನ್ನು ತಿಳಿದವರಲ್ಲಿ ಕೇಳಿ. ನಿಮ್ಮೆಲ್ಲರ ಮನೆಗಳಲ್ಲಿ ಹಾಲು ಉಕ್ಕಲಿ, ಕಂತು ಹಗುರಾಗಲಿ ಎಂದು ಹಾರೈಸುತ್ತೇನೆ.